ಜೀವ ಇದ್ದವರೊಬ್ಬರು ಬೇಕಾಗಿದ್ದಾರೆ

ಯಲಬುರ್ಗಾ ಸುತ್ತಮುತ್ತ ಸತ್ತ ಗಂಡಸರೆಲ್ಲ ಒಂದೇ ಕೋಟು ಹಾಕಿಕೊಂಡಿದ್ದಾರೆ. ನಾನು ಹೇಳುವುದು ಸುಳ್ಳೆನಿಸಿದರೆ ಯಾವ ಊರಿಗಾದರೂ ಹೋಗಿ ಪಡಸಾಲೆಯ ಗೋಡೆ ನೋಡಿ. ನೀಲಿ ಕೋಟು, ಕೆಂಪು ಟೈ, ಹಿಂದೆ ಆಕಾಶ, ಆಕಾಶದಲ್ಲಿ ಎರಡು ಮೋಡ. ಬದುಕಿರುವ ತನಕ ಧೋತರ ಬಿಟ್ಟು ಬೇರೇನೂ ಉಡದಿದ್ದ ಮನುಷ್ಯ ಸತ್ತ ವಾರದೊಳಗೆ ಬ್ಯಾಂಕ್ ಮ್ಯಾನೇಜರ್ ಆಗಿ ಗೋಡೆ ಏರುತ್ತಾನೆ. ಹೆಂಗಸರಿಗೆಲ್ಲ ಒಂದೇ ಹಸಿರು ರೇಷ್ಮೆ ಸೀರೆ, ಕೊರಳಿಗೆ ಒಂದೇ ಬೋರಮಾಳ ಸರ. ತಲೆ ಮಾತ್ರ ಅವರವರದು. ಆ ತಲೆಯೂ ಆಧಾರ್ ಕಾರ್ಡಿನಿಂದ ಕತ್ತರಿಸಿದ್ದು. ಆಧಾರ್ ಫೋಟೋದಲ್ಲಿ ಜೀವಂತ ಮನುಷ್ಯ ಹೇಗೆ ಕಾಣುತ್ತಾನೆಂಬುದು ದೇಶಕ್ಕೇ ಗೊತ್ತು. ಪೊಲೀಸರು ಹಿಡಿದು ತಂದು ನಿಲ್ಲಿಸಿದಂತೆ ಕಾಣುತ್ತಾನೆ. ಆ ಮುಖಕ್ಕೆ ಟೈ ಕಟ್ಟಿ, ಹಾರ ಹಾಕಿ, ಮಕ್ಕಳು ಮೊಮ್ಮಕ್ಕಳು ಊದಿನಕಡ್ಡಿ ಬೆಳಗುತ್ತಾರೆ.

ಈ ಕೋಟನ್ನು ಎಲ್ಲರಿಗೂ ತೊಡಿಸಿದವನು ನನ್ನ ಅಕ್ಕ ಕಸ್ತೂರೆಮ್ಮನ ಗಂಡ ಮುದುಕಪ್ಪ. ನನಗೆ ಮಾವ. ಯಲಬುರ್ಗಾದಲ್ಲಿ ಮನೆಯ ಮುಂದಿನ ಕೋಣೆಯೇ ಅವನ ಸ್ಟುಡಿಯೋ. ಒಂದು ಕಾಲಕ್ಕೆ ಮದುವೆ, ಸೀಮಂತ, ಸಾಲೆಯ ಗ್ರೂಪ್ ಫೋಟೋ ಎಲ್ಲಕ್ಕೂ ಅವನೇ ಬೇಕಾಗಿದ್ದ. ಈಗ ಮದುವೆಗಳು ಡ್ರೋನ್ ಹಾರಿಸುವವರ ಪಾಲಾದವು, ತೊಟ್ಟಿಲು ಕಾರ್ಯ ಮೊಬೈಲಿನ ಪಾಲಾಯಿತು. ಪಾಸ್‌ಪೋರ್ಟ್ ಫೋಟೋ, ಝೆರಾಕ್ಸ್, ಸತ್ತವರು — ಇಷ್ಟು ಮಾವನಿಗೆ ಉಳಿಯಿತು. ಸತ್ತವರಲ್ಲಿ ಒಂದು ಅನುಕೂಲವಿದೆ. ಫೋಟೋ ಚೆನ್ನಾಗಿ ಬಂದಿಲ್ಲ ಎಂದು ಅವರು ಅಂಗಡಿಗೆ ಬಂದು ಜಗಳ ಮಾಡುವುದಿಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ದಿನ ಮಾವನ ಜೊತೆ ಸಾಲೆ ಕಲಿತ ಗೆಳೆಯನೊಬ್ಬ ಸತ್ತ. ಆ ಮನುಷ್ಯನ ಕುತ್ತಿಗೆ ಹುಟ್ಟಿದಾಗಿನಿಂದ ಒಂದು ಕಡೆ ವಾಲಿತ್ತು. ಮಾವ ಕಂಪ್ಯೂಟರಿನಲ್ಲಿ ಅವನ ತಲೆ ಎತ್ತಿ ಕೋಟಿನ ಮೇಲೆ ಕೂರಿಸಿದರೆ ಅದು ನೆಟ್ಟಗೆ ಕೂತುಬಿಟ್ಟಿತು. ನಾನು ಆಗ ಅಲ್ಲೇ ಚಹಾ ಕುಡಿಯುತ್ತ ಕೂತಿದ್ದೆ. ಮಾವ ಬಹಳ ಹೊತ್ತು ಆ ನೆಟ್ಟಗಿನ ಕುತ್ತಿಗೆ ನೋಡಿದ.

“ಗವಿಸಿದ್ದ, ಇವರೆಲ್ಲಾ ಜೀವ ಇದ್ದಾಗ ನನ್ನ ಅಂಗಡಿ ಮುಂದನ ಅಡ್ಡಾಡಿದಾವ್ರು,” ಅಂದ. “ಒಬ್ಬರನ್ನರ ಒಳಗ ಕರದು, ಕುಂದ್ರಿಸಿ, ಇದ್ದಂಗ ಒಂದು ಫೋಟೋ ತಗೀಲಿಲ್ಲ ನಾ.”

ಆವತ್ತಿನಿಂದ ಅವನ ತಲೆಯಲ್ಲಿ ದೊಡ್ಡ ಕ್ಯಾಮೆರಾ ಹೊಕ್ಕಿತು. ಚಿಕ್ಕವನಿದ್ದಾಗ ಮಾವ ಕುಷ್ಟಗಿಯಲ್ಲಿ ಒಬ್ಬ ಹಳೇ ಫೋಟೋ ಮಾಸ್ತರರ ಹತ್ತಿರ ಕೆಲಸ ಕಲಿತವನು. ಅವರ ಹತ್ತಿರ ಕಟ್ಟಿಗೆಯ ದೊಡ್ಡ ಕ್ಯಾಮೆರಾ ಇತ್ತಂತೆ. ಮೂರು ಕಾಲಿನ ಮೇಲೆ ನಿಲ್ಲುವುದು, ಹಿಂದೆ ಮಸುಕು ಗಾಜು, ಮೇಲೆ ಕರಿ ಬಟ್ಟೆ. ಆ ಬಟ್ಟೆಯೊಳಗೆ ತಲೆ ಹಾಕಿ ನೋಡಬೇಕು. ನಾನು ಕೇಳಿದೆ: ಒಳ್ಳೇ ಫೋಟೋನೇ ಬೇಕಂದರೆ ಮೊಬೈಲಿನಲ್ಲಿ ಬರುತ್ತದಲ್ಲ, ಈ ಸೌದೆ ಯಾಕೆ? ಮಾವ ಹೇಳಿದ್ದು ಹೀಗೆ: ಮೊಬೈಲಿನ ಮುಂದೆ ಯಾರೂ ಕೂಡುವುದಿಲ್ಲ, ಹಾದು ಹೋಗುತ್ತಾರೆ. ಆ ಕ್ಯಾಮೆರಾದ ಮುಂದೆ ಮಾತ್ರ ಮನುಷ್ಯ ಕೂಡಲೇಬೇಕಾಗುತ್ತದೆ.

ಕ್ಯಾಮೆರಾ ಸಿಕ್ಕಿದ್ದು ಗಂಗಾವತಿಯಲ್ಲಿ, ಹಾರ್ಮೋನಿಯಂ ರಿಪೇರಿ ಮಾಡುವ ಉಮರಸಾಬರ ಮನೆಯಲ್ಲಿ. ನಮ್ಮ ಭಜನಾ ಮೇಳದವರೊಬ್ಬರು ಪೆಟ್ಟಿಗೆ ರಿಪೇರಿಗೆ ಹೋದಾಗ ನೋಡಿ ಬಂದು ಹೇಳಿದ್ದರು. ನನ್ನದು ಬಾಡಿಗೆಯ ಟಾಟಾ ಏಸ್ ಗಾಡಿ. ಅಕ್ಕಿ ತರಲು ಗಂಗಾವತಿಗೆ ಹೋಗುವುದಿತ್ತು. ಮಾವನನ್ನು ಕೂರಿಸಿಕೊಂಡು ಹೋದೆ. ದಾರಿಯುದ್ದಕ್ಕೂ ಒಂದೇ ಮಾತು ಹೇಳಿದೆ: ನೀನು ಬಾಯಿ ತೆಗೆಯಬೇಡ, ವ್ಯಾಪಾರ ನಾನು ಮಾಡುತ್ತೇನೆ. ಆಯಿತಪ್ಪ ಅಂದ.

ಉಮರಸಾಬರು ಆ ಕ್ಯಾಮೆರಾವನ್ನು ಕೊಂಡವರಲ್ಲ. ಯಾರೋ ಎಷ್ಟೋ ವರ್ಷದ ಕೆಳಗೆ ಅದರ ಮಡಿಕೆ ಹರಿದಿದೆ ಎಂದು ತಂದು ಕೊಟ್ಟು ಹೋದವರು ತಿರುಗಿ ಬರಲಿಲ್ಲವಂತೆ. ಈ ಕ್ಯಾಮೆರಾದ ಹೊಟ್ಟೆ ಹಾರ್ಮೋನಿಯಂನ ಗಾಳಿಚೀಲದ ಹಾಗೇ ಮಡಿಕೆ ಮಡಿಕೆಯಾಗಿ ಹಿಂದಕ್ಕೆ ಮುಂದಕ್ಕೆ ಎಳೆದಾಡುತ್ತದೆ. ಹಾಗಾಗಿ ಹಾರ್ಮೋನಿಯಂ ಸಾಬರ ಹತ್ತಿರ ತಂದದ್ದು. ಸಾಬರು ಅದನ್ನು ಅಟ್ಟದ ಮೇಲಿಂದ ಇಳಿಸಿ, ಧೂಳು ಹೊಡೆದು, ಕಾಲು ಬಿಡಿಸಿ ನಿಲ್ಲಿಸಿದರು. ತೇಗದ ಕಟ್ಟಿಗೆ, ಹಿತ್ತಾಳೆಯ ಲೆನ್ಸು. ಮಾವನ ಮುಖ ನೋಡಬೇಕಿತ್ತು. ಹೆಣ್ಣು ನೋಡಲು ಬಂದ ವರನೂ ಇಷ್ಟು ನಾಚುವುದಿಲ್ಲ.

ಸಾಬರು ಪ್ರಾಮಾಣಿಕ ಮನುಷ್ಯ. ರೇಟು ಕೇಳುವ ಮೊದಲೇ ತಾವಾಗಿ ಹೇಳಿದರು.

“ಒಂದು ಐಬು ಐತಿ, ಮೊದಲ ಹೇಳಿಬಿಡ್ತೀನಿ. ಹಿಂದಿನ ಗಾಜಿನಾಗ ಮನಶ್ಯಾ ಉಲ್ಟಾ ಕಾಣ್ತಾನ. ಕಾಲು ಮ್ಯಾಲ, ತಲಿ ಕೆಳಗ. ನಾನೂ ಭಾಳ ಸಲ ಲೆನ್ಸ್ ತಗದು ತಿರುವಿ ಹಾಕಿ ನೋಡೀನ್ರಿ. ಸೀದಾ ಆಗವಲ್ದು.”

ಆ ಐಬಿಗಾಗಿ ಅವರು ಹೇಳಿದ ರೇಟು ಹಳೇ ಕಿಟಕಿಯ ಚೌಕಟ್ಟಿನ ರೇಟು. ನಾನು ಮಾವನ ತೊಡೆ ಚಿವುಟಿದೆ. ಮುಖ ಸಪ್ಪಗೆ ಮಾಡಿಕೊಂಡು, ಉಲ್ಟಾ ಕಾಣುವ ಮಾಲು ತೆಗೆದುಕೊಂಡು ನಾವೇನು ಮಾಡೋಣ ಎಂದು ಇನ್ನೂ ಸ್ವಲ್ಪ ಇಳಿಸುವವನಿದ್ದೆ. ಅಷ್ಟರಲ್ಲಿ ನಮ್ಮ ಸತ್ಯಹರಿಶ್ಚಂದ್ರ ಬಾಯಿ ಬಿಟ್ಟ.

“ಅದು ಐಬಲ್ರಿ ಸಾಬ್ರ. ಎಲ್ಲಾ ದೊಡ್ಡ ಕ್ಯಾಮೆರಾದಾಗೂ ಹಂಗ ಕಾಣೂದು. ಫೋಟೋ ತೊಳದ ಮ್ಯಾಲ ನಾವು ಸೀದಾ ಹಿಡೀತೀವಿ, ಅಷ್ಟ.”

ಸಾಬರು ಮತ್ತೊಮ್ಮೆ ಕರಿ ಬಟ್ಟೆಯೊಳಗೆ ತಲೆ ಹಾಕಿದರು. ಅವರ ಹೆಂಡತಿ ಚಾಂದಬೀ ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದಳು. ಆಕೆ ತಲೆ ಕೆಳಗಾಗಿ ಅಕ್ಕಿ ಆರಿಸುವುದನ್ನು ಸಾಬರು ಬಹಳ ಹೊತ್ತು ನೋಡಿದರು. ಹೊರಗೆ ಬಂದಾಗ ಅವರ ಮುಖ ಬದಲಾಗಿತ್ತು. ಹಾಗಾದರೆ ಇಷ್ಟು ವರ್ಷ ಒಳ್ಳೇ ಮಾಲನ್ನು ಕೆಟ್ಟದ್ದೆಂದು ಅಟ್ಟಕ್ಕೆ ಹಾಕಿದ್ದೆನಲ್ಲ ಎಂದು ಹಳಹಳಿಸಿದರು. ಆಮೇಲೆ ಬಹಳ ಮರ್ಯಾದೆಯಿಂದ, ಕೆಟ್ಟ ಮಾಲಿನ ರೇಟು ಬೇರೆ, ಒಳ್ಳೇ ಮಾಲಿನ ರೇಟು ಬೇರೆ ಎಂದು ತಿಳಿಸಿದರು. ಒಂದಕ್ಕೆ ಮೂರು ಪಟ್ಟಾಯಿತು.

ನನಗೆ ಮೈಯೆಲ್ಲ ಉರಿಯಿತು. ಮಾವನನ್ನು ಅಲ್ಲೇ ಬಿಟ್ಟು ಗಾಡಿ ಹೊಡೆದುಕೊಂಡು ಹೋಗಿಬಿಡಬೇಕೆಂದು ಕೀಲಿ ತಿರುವಿದೆ ಕೂಡ. ಹೋಗಲಿಲ್ಲ. ಅಕ್ಕನಿಗೆ ಹೇಳುವವರು ಯಾರು? ಮಾವ ಮಾತ್ರ ಖುಷಿಯಿಂದ ದುಡ್ಡು ಎಣಿಸಿ ಕೊಟ್ಟ. ಸಾಬರು ಪುಕ್ಕಟೆ ಮಾಡಿದ್ದು ಒಂದೇ ಕೆಲಸ. ಕ್ಯಾಮೆರಾದ ಹೊಟ್ಟೆಯೊಳಗೆ ಉರಿಯುವ ಬ್ಯಾಟರಿ ಇಟ್ಟು, ಕೋಣೆ ಕತ್ತಲು ಮಾಡಿ, ಎಲ್ಲೆಲ್ಲಿ ಬೆಳಕು ಸೋರುತ್ತದೆಯೋ ಅಲ್ಲಲ್ಲಿ ಹಾರ್ಮೋನಿಯಂ ಚರ್ಮದ ತೇಪೆ ಹಚ್ಚಿದರು. ಕೊನೆಗೆ ಆ ಪೆಟ್ಟಿಗೆ ಸ್ವರ ಹೊಂದಿಸಿದ ಹಾಗೆ ಒಮ್ಮೆ ಎಳೆದು ಒತ್ತಿ, ಕಿವಿಗೊಟ್ಟು ಕೇಳಿ, ಬರೋಬ್ಬರಿ ಐತಿ ಅಂದರು. ಗಿಣಿಗೇರಾ ದಾಟುವಾಗ ಕಾರ್ಖಾನೆಯ ಕರಿ ಧೂಳು ಕೂಡುತ್ತದೆಂದು ಮಾವ ನನ್ನ ಪಕ್ಕದ ಸೀಟು ಬಿಟ್ಟು, ಹಿಂದೆ ಅಕ್ಕಿ ಚೀಲಗಳ ನಡುವೆ ಕ್ಯಾಮೆರಾಕ್ಕೆ ಕಂಬಳಿ ಹೊದಿಸಿ ಅಪ್ಪಿಕೊಂಡು ಕೂತ. ಯಲಬುರ್ಗಾದಲ್ಲಿ ಇಳಿದಾಗ ಇಬ್ಬರಲ್ಲಿ ಕ್ಯಾಮೆರಾ ಮಾತ್ರ ಸ್ವಚ್ಛವಾಗಿತ್ತು.

ಇದಕ್ಕೆ ಹಾಕುವ ಫಿಲ್ಮು ಈ ಕಡೆ ಎಲ್ಲೂ ಸಿಗುವುದಿಲ್ಲ. ಮಾವ ಒಂದು ಎಕ್ಸ್‌ರೇ ಅಂಗಡಿಯಲ್ಲಿ ಉಳಿದುಹೋಗಿದ್ದ ಹಳೇ ಫಿಲ್ಮಿನ ಪೆಟ್ಟಿಗೆ ಹಿಡಿದುಕೊಂಡು ಬಂದ. ಎಲುಬು ನೋಡುವ ಫಿಲ್ಮು. ಅದು ಕೆಂಪು ಬೆಳಕಿಗೆ ಕೆಡುವುದಿಲ್ಲವೆಂದು ದೇವರ ಜಗಲಿಯ ಮೇಲಿನ ಕೆಂಪು ಬಲ್ಬು ಬಿಚ್ಚಿ ಬಚ್ಚಲಿಗೆ ಹಾಕಿದ. ಅಲ್ಲಿ ಕೂತು ಫಿಲ್ಮು ಕತ್ತರಿಸುವುದು, ಅಲ್ಲೇ ತೊಳೆಯುವುದು. ದೇವರು ಕತ್ತಲಲ್ಲಿ, ಬಚ್ಚಲಿಗೆ ದೀಪ. ಅಕ್ಕ ಇಷ್ಟನ್ನೂ ಸಹಿಸಿದಳು.

ಸಹಿಸಲಾಗದ್ದು ಫ್ಲೆಕ್ಸ್. ಯಾರನ್ನೂ ಕೇಳದೆ ಮಾವ ಅಂಗಡಿಯ ಮೇಲೆ ಆಳೆತ್ತರದ ಬೋರ್ಡು ಕಟ್ಟಿಸಿದ. ಅದರಲ್ಲಿ ಹೀಗೆ ಬರೆಸಿದ್ದ: “ಸತ್ತ ಮೇಲೆ ಫೋಟೋಕ್ಕೆ ಪರದಾಡಬೇಡಿರಿ. ಜೀವ ಇರುವಾಗಲೇ ಬಂದು ಕೂಡಿರಿ. ದೊಡ್ಡ ಕ್ಯಾಮೆರಾ ಬಂದಿದೆ.”

ಮನಸ್ಸಿನಲ್ಲಿದ್ದದ್ದನ್ನು ಇದ್ದ ಹಾಗೆ ಬರೆಸಿದ್ದ, ಅದೇ ತಪ್ಪು. ಊರಿಗೆಲ್ಲ ಗೊತ್ತಿರುವುದೇನು? ಮುದುಕಪ್ಪ ಸತ್ತವರ ಫೋಟೋ ಮಾಡುವವನು. ಅವನೇ ಕರೆಯುತ್ತಿದ್ದಾನೆ ಅಂದರೆ ಅವನಿಗೆ ಏನೋ ಸುದ್ದಿ ಸಿಕ್ಕಿರಬೇಕು. ಅಂಗಡಿಯ ಮುಂದೆ ಹೋಗುವವರು ರಸ್ತೆಯ ಆಚೆ ಬದಿ ಹಿಡಿದರು. ರಿಟೈರಾದ ಮಾಸ್ತರರೊಬ್ಬರನ್ನು ಮಾವ ಬಾಗಿಲಲ್ಲಿ ನಿಂತು ಕರೆದರೆ, ಪಿಂಚಣಿ ಈಗಷ್ಟೇ ಶುರುವಾಗಿದೆ, ಸ್ವಲ್ಪ ವರ್ಷ ತಿನ್ನುತ್ತೇನೆ ಬಿಡು ಎಂದು ಸೈಕಲ್ ಜೋರು ತುಳಿದರು. ಪಂಚಾಯ್ತಿ ಮೆಂಬರನೊಬ್ಬ ತಾನು ಕೂಡಲು ಒಪ್ಪಲಿಲ್ಲ. ಆದರೆ ಮುಂದಿನ ಎಲೆಕ್ಷನ್ನಿನಲ್ಲಿ ತನ್ನೆದುರು ನಿಲ್ಲುವವನದು ತೆಗೆಯುವುದಾದರೆ ಖರ್ಚು ತಾನೇ ಕೊಡುತ್ತೇನೆಂದ. ಒಬ್ಬ ಸೊಸೆ ಮಾತ್ರ ಬಂದಳು, ಅತ್ತೆಯ ರಟ್ಟೆ ಹಿಡಿದುಕೊಂಡು. ಅತ್ತೆಗೆ ಓದಲು ಬರುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತು ಸೆರಗು ಸರಿ ಮಾಡಿಕೊಳ್ಳುವ ತನಕ ಎಲ್ಲ ಚೆನ್ನಾಗಿತ್ತು. ಹೊರಗೆ ಯಾರೋ ಬೋರ್ಡು ಓದಿದ್ದು ಕಿವಿಗೆ ಬಿತ್ತು. ಆಮೇಲೆ ಆ ಮುದುಕಿ ಸೊಸೆಯನ್ನು ಬಿಟ್ಟು ಮಾವನ ಮೇಲೆಯೇ ಚಪ್ಪಲಿ ಎತ್ತಿದಳು. ಪಾಸ್‌ಪೋರ್ಟ್ ಫೋಟೋದವರೂ ನಿಂತರು. ಝೆರಾಕ್ಸಿನವರೂ ಬೇರೆ ಅಂಗಡಿ ನೋಡಿಕೊಂಡರು.

ಅದೇ ಸಮಯಕ್ಕೆ ಪ್ರವೀಣಕುಮಾರ ಬಂದ. ಹನುಮನಹಳ್ಳಿಯಲ್ಲಿ ರೆಸಾರ್ಟ್ ನಡೆಸುವವನು. ನಾಲ್ಕು ಗುಡಿಸಲು ಕಟ್ಟಿ, ಬಾಗಿಲಿಗೆ ಒಂದು ಎತ್ತಿನ ಗಾಲಿ ಒರಗಿಸಿ, ಒಳಗೆ ಎಸಿ ಹಾಕಿಸಿದ್ದಾನೆ. ಅಂಜನಾದ್ರಿ ನೋಡಲು ಬಂದ ಹೈದರಾಬಾದಿನ ಜೋಡಿಗಳು ಅಲ್ಲಿ ಮದುವೆಯ ಮುಂಚಿನ ಫೋಟೋ ತೆಗೆಸಿಕೊಳ್ಳುತ್ತವೆ. ಅವನಿಗೆ ಕ್ಯಾಮೆರಾ ಬೇಕಿತ್ತು. ಫೋಟೋಕ್ಕಲ್ಲ. ಲೆನ್ಸು ತೆಗೆದು ಒಳಗೆ ಬಣ್ಣದ ಲೈಟು ಹಾಕಿ ಬಾಗಿಲ ಹತ್ತಿರ ನಿಲ್ಲಿಸುತ್ತಾನಂತೆ. ಮದುಮಗ ಕರಿ ಬಟ್ಟೆಯೊಳಗೆ ತಲೆ ಹಾಕಬೇಕು, ಮದುಮಗಳು ನಗಬೇಕು, ಇನ್ನೊಬ್ಬ ಅದನ್ನು ಮೊಬೈಲಿನಲ್ಲಿ ತೆಗೆಯಬೇಕು. ಮಾವ ಕೊಟ್ಟದ್ದರ ದುಪ್ಪಟ್ಟು ಕೊಡಲು ತಯಾರಾಗಿದ್ದ. ಮಾವ ಬಾಗಿಲು ಮುಚ್ಚಿಕೊಂಡ. ಅಕ್ಕ ಬಾಗಿಲು ತೆರೆದು ಅವನಿಗೆ ಚಹಾ ಕೊಟ್ಟಳು.

ಆವತ್ತು ಸಂಜೆ ನನ್ನನ್ನೂ ಕೂರಿಸಿಕೊಂಡು ಅಕ್ಕ ತೀರ್ಮಾನ ಹೇಳಿದಳು.

“ಉಗಾದಿ ತನಕ ನೋಡ್ತೀನಿ. ಜೀವ ಇದ್ದಾವ್ರು ಯಾರರ ಒಬ್ಬರು, ತಾವಾಗಿ ಬಂದು, ಇದರ ಮುಂದ ಕುಂತು ಫೋಟೋ ತಗಿಸಿಕೊಂಡ್ರ ಇದು ಈ ಮನ್ಯಾಗ ಇರಲಿ. ನಾ ಕುಂದ್ರಂಗಿಲ್ಲ, ನನ್ನ ತಮ್ಮ ಕುಂದ್ರಂಗಿಲ್ಲ. ರೊಕ್ಕ ಕೊಟ್ಟು ಕರಕೊಂಡು ಬರೂದು ನಡಿಯಂಗಿಲ್ಲ. ಇಲ್ಲಂದ್ರ ಉಗಾದಿ ಮುಂಚಿನ ದಿನ ಹನುಮನಹಳ್ಳಿ ಗಾಡಿ ಬರ್ತೈತಿ.”

ಮಾವ ಒಪ್ಪಿದ. ಇಷ್ಟು ದೊಡ್ಡ ತಾಲೂಕಿನಲ್ಲಿ ಜೀವ ಇದ್ದವರು ಒಬ್ಬರು ಸಿಗುವುದಿಲ್ಲವೇ ಎಂಬ ನಂಬಿಕೆ. ಬೋರ್ಡು ಇಳಿಸಿದ. ಆದರೆ ಇಳಿಸಿದ್ದನ್ನು ಯಾರೂ ನೋಡಲಿಲ್ಲ, ಕಟ್ಟಿದ್ದನ್ನು ಎಲ್ಲರೂ ನೋಡಿದ್ದರು. ಹಬ್ಬ ಹತ್ತಿರ ಬಂದರೂ ಕುರ್ಚಿ ಖಾಲಿ ಇತ್ತು. ಮಾವ ಊಟ ಕಡಿಮೆ ಮಾಡಿದ. ಕರಿ ಬಟ್ಟೆಯೊಳಗೆ ತಲೆ ಹಾಕಿ ಖಾಲಿ ಕುರ್ಚಿ ನೋಡುತ್ತ ನಿಲ್ಲುತ್ತಿದ್ದ.

ಆಗ ಬೇವೂರಿನ ಈಶಪ್ಪ ಸತ್ತ. ಹೊಲಮನೆ ಇದ್ದ ದೊಡ್ಡ ಕುಳ. ಹಿರಿಯ ಮಗ ಪರಮೇಶ ಮಾವನಿಗೆ ಫೋನು ಮಾಡಿದ. ನಮ್ಮ ಕಡೆ ದೊಡ್ಡವರು ಸತ್ತರೆ ಮಣ್ಣಿಗೆ ಒಯ್ಯುವ ಮುಂಚೆ ಕಟ್ಟೆಯ ಮೇಲೆ ಕೂರಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಸುತ್ತ ಬಳಗವೆಲ್ಲ ಕೂತು ಕೊನೆಯ ಫೋಟೋ ತೆಗೆಸುತ್ತಾರೆ. ಪಕ್ಕದ ಊರಿನ ಗೌಡರ ಮಣ್ಣಿಗೆ ಡ್ರೋನ್ ಬಂದಿತ್ತಂತೆ. ಹಾಗಾಗಿ ಪರಮೇಶನಿಗೆ ಡ್ರೋನಿಗಿಂತ ದೊಡ್ಡದೇನಾದರೂ ಬೇಕಿತ್ತು.

ಮಾವನಿಗೆ ಹೋಗಲು ಮನಸ್ಸಿರಲಿಲ್ಲ. ಸತ್ತವರದ್ದು ಸಾಕೆಂದೇ ಇದನ್ನು ಕೊಂಡದ್ದು. ಅಕ್ಕನೂ ಮೊದಲೇ ಹೇಳಿದಳು: ಹೆಣದ ಲೆಕ್ಕ ಹಿಡಿಯುವುದಿಲ್ಲ. ಮಾವ ಅಂದ: ಬಳಗ ಸುತ್ತ ಕೂಡುತ್ತದಲ್ಲ, ಅವರೆಲ್ಲ ಜೀವ ಇದ್ದವರೇ. ಅಕ್ಕ ಅಂದಳು: ಅವರು ಕೂಡುವುದು ಹೆಣಕ್ಕಾಗಿ, ನಿನ್ನ ಕ್ಯಾಮೆರಾಕ್ಕಾಗಿ ಅಲ್ಲ. ಆದರೂ ಹೋದೆವು. ಹೋಗದಿದ್ದರೆ ಈಶಪ್ಪನೂ ನೀಲಿ ಕೋಟು ಹಾಕಿಕೊಳ್ಳಬೇಕಾಗುತ್ತಿತ್ತು.

ಬೇವೂರಿನಲ್ಲಿ ಭಜನೆ ನಡೆದಿತ್ತು. ಈಶಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಪಕ್ಕದಲ್ಲಿ ಅವನ ಹೆಂಡತಿ ಮಾರೆವ್ವ ಮೊಳಕಾಲು ಮಡಚಿ ಕೂತಿದ್ದಳು. ಮಾವ ಮೂರು ಕಾಲು ಬಿಡಿಸಿ ಕ್ಯಾಮೆರಾ ನಿಲ್ಲಿಸಿದ ಕೂಡಲೆ ಭಜನೆ ನಿಂತಿತು. ಸತ್ತವನನ್ನು ಬಿಟ್ಟು ಎಲ್ಲರೂ ಕ್ಯಾಮೆರಾ ನೋಡಿದರು.

ಮಾವ ಎರಡು ಫಿಲ್ಮು ಒಯ್ದಿದ್ದ. ಮರದ ಚೌಕಟ್ಟಿನಲ್ಲಿ, ಬೆಳಕು ತಾಗದಂತೆ, ಮೇಲೆ ಜಾರುವ ಮುಚ್ಚಳ. ಮೊದಲನೆಯದರಲ್ಲಿ ಒಂದು ಫೋಟೋ ತೆಗೆದು ಪಕ್ಕಕ್ಕಿಟ್ಟ. ಈಶಪ್ಪನ ಕಿರಿಯ ಅಳಿಯ ಬಂದು, ಫೋಟೋ ಹೇಗೆ ಬಂದಿದೆ ನೋಡೋಣ ಎಂದು ಮುಚ್ಚಳ ಪೂರಾ ಎಳೆದುಬಿಟ್ಟ. ಬಿಸಿಲಿನಲ್ಲಿ ಫಿಲ್ಮು ಸತ್ತುಹೋಯಿತು. ಏನೂ ಕಾಣುವುದಿಲ್ಲವಲ್ಲ, ಬ್ಯಾಟರಿ ಡೌನ್ ಆಗಿದೆಯೇ ಎಂದು ನನ್ನನ್ನೇ ಕೇಳಿದ. ಸಾವಿನ ಮನೆಯೆಂದು ನಾನು ಕೈ ಕಟ್ಟಿಕೊಂಡೆ.

ಉಳಿದದ್ದು ಒಂದು. ಕಟ್ಟೆ ನೆರಳಿನಲ್ಲಿತ್ತು. ಲೆನ್ಸಿನ ಮುಚ್ಚಳ ಕೈಯಿಂದ ತೆಗೆದು, ಮೂರು ಎಣಿಸಿ ಮುಚ್ಚಬೇಕು. ಅಲ್ಲಿಯ ತನಕ ಯಾರೂ ಅಲುಗಬಾರದು. ಮಾವ ಇದನ್ನು ಬಿಡಿಸಿ ಬಿಡಿಸಿ ಹೇಳಿದ. ಎಲ್ಲರೂ ಗೋಣು ಹಾಕಿದರು. ಆಮೇಲೆ ಯಾರು ಎಲ್ಲಿ ಕೂಡಬೇಕೆಂಬ ಜಗಳ ಶುರುವಾಯಿತು. ಪರಮೇಶ ಅಪ್ಪನ ಬಲಕ್ಕೆ. ಎಡಕ್ಕೆ ತಾಯಿ ಇದ್ದಾಳೆ, ಆಕೆಯನ್ನು ಸ್ವಲ್ಪ ಸರಿಸಿ ಎಂದು ಕಿರಿಯ ಮಗ. ಹೊಲ ಇನ್ನೂ ಪಾಲಾಗಿರಲಿಲ್ಲ; ಹೆಣದ ಹತ್ತಿರ ಕೂತವರಿಗೆ ಕರಿ ಮಣ್ಣು, ದೂರ ಕೂತವರಿಗೆ ಕೆಂಪು ಮಸಾರಿ ಮಣ್ಣು ಎಂದೇ ಬಹುಶಃ ಅವರ ಲೆಕ್ಕ. ಮಾರೆವ್ವ ಸರಿಯಲಿಲ್ಲ. ಆಕೆ ಯಾರ ಮಾತೂ ಕೇಳಿಸದವಳಂತೆ ಇದ್ದಲ್ಲೇ ಇದ್ದಳು.

ಮಾವ ಮುಚ್ಚಳ ತೆಗೆದ. ಒಂದು ಎನ್ನುವುದರೊಳಗೆ ಪರಮೇಶ ಶಾಲು ಸರಿಪಡಿಸಿಕೊಂಡ. ಎರಡು ಎನ್ನುವಾಗ ಯಾರದೋ ಮೊಬೈಲು ಬಡಿದುಕೊಂಡಿತು. ಅದು ತನ್ನದೇ ಎಂದು ಎಂಟು ಜನ ಜೇಬಿಗೆ ಕೈ ಹಾಕಿದರು. ಮೂರಕ್ಕೆ ಸೊಸೆಯಂದಿರು ಒಬ್ಬರನ್ನೊಬ್ಬರು ಮೊಳಕೈಯಿಂದ ದಬ್ಬಿಕೊಂಡರು. ಮಾವ ಮುಚ್ಚಿದ.

ಬಚ್ಚಲಿನ ಕೆಂಪು ದೀಪದಲ್ಲಿ ತೊಳೆದು, ಕಂಪ್ಯೂಟರಿಗೆ ಹಾಕಿ, ಕರಿದನ್ನು ಬಿಳಿ ಮಾಡಿ ದೊಡ್ಡದಾಗಿ ತೆಗೆದಾಗ ನಾನು ಪಕ್ಕದಲ್ಲೇ ಇದ್ದೆ. ಅಂಥ ಫೋಟೋ ನನ್ನ ಜನ್ಮದಲ್ಲಿ ನೋಡಿಲ್ಲ. ಈಶಪ್ಪ ಹುಬ್ಬಿನ ಕೂದಲು ಎಣಿಸುವಂತೆ ಬಂದಿದ್ದ. ಅವನ ಪಕ್ಕ ಮಾರೆವ್ವ, ಮುಖದ ಒಂದೊಂದು ಗೆರೆಯ ಸಮೇತ, ಕಲ್ಲಿನಲ್ಲಿ ಕೆತ್ತಿದಂತೆ. ಉಳಿದ ಬಳಗವೆಲ್ಲ ಹೊಗೆ. ಪರಮೇಶನಿಗೆ ಎರಡು ತಲೆ, ಮೂರು ಕೈ. ಕಿರಿಯ ಮಗನ ಜಾಗದಲ್ಲಿ ಬರೀ ಒಂದು ಬಿಳಿ ಗೆರೆ. ಸೊಸೆಯಂದಿರು ಒಂದೇ ಮೋಡದಲ್ಲಿ ಕರಗಿಹೋಗಿದ್ದರು. ಬದುಕಿದವರ್ಯಾರು ಸತ್ತವರ್ಯಾರು ಎಂದು ಹೊಸಬರನ್ನು ಕೇಳಿದರೆ ಈಶಪ್ಪನೊಬ್ಬನೇ ಬದುಕಿದ್ದಾನೆ, ಸುತ್ತ ದೆವ್ವಗಳು ಕೂತಿವೆ ಎನ್ನುವಂತಿತ್ತು.

ಕೊಡಲು ಹೋದಾಗ ಪರಮೇಶ ಫೋಟೋ ಹಿಡಿದು ಮೊದಲು ತನ್ನನ್ನು ಹುಡುಕಿಕೊಂಡ. ಸಿಗಲಿಲ್ಲ. ಸಿಕ್ಕ ಮೇಲೆ ಸಿಗದಿದ್ದರೇ ಚೆನ್ನಾಗಿತ್ತು ಅನಿಸಿರಬೇಕು.

“ಅಲ್ರಿ, ಸತ್ತಾಂವ ಒಬ್ಬಾಂವ ಛಲೋ ಬಂದಾನ. ನಾವು ದುಡ್ಡು ಕೊಡಾವ್ರು ಎಲ್ಲಿ ಅದೀವಿ ಇದರಾಗ?”

ನಾನು ತಡೆದುಕೊಳ್ಳಲಿಲ್ಲ. “ಮೂರು ಎಣಿಸೂ ತನಕ ಅಪ್ಪನ ಬಾಜೂಕ ಸುಮ್ಮನ ಕುಂದ್ರಾಕ ಆಗಲಿಲ್ಲ ನಿಮಗ. ಕ್ಯಾಮೆರಾ ಇದ್ದಿದ್ದನ್ನ ತೋರಿಸೇತಿ,” ಅಂದೆ. ಇನ್ನೂ ಕೆಲವು ಮಾತು ಅಂದೆ, ಅವು ಬರೆಯುವಂಥವಲ್ಲ. ಮಾವ ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ಪರಮೇಶ ಒಳಗೆ ಹೋಗಿ ಅಪ್ಪನ ಆಧಾರ್ ಕಾರ್ಡು ತಂದು ಮಾವನ ಕೈಗಿಟ್ಟು, ಎಲ್ಲರಿಗೂ ಮಾಡುವ ಹಾಗೆ ಕೋಟು ಹಾಕಿ ಮಾಡಿಕೊಡ್ರಿ ಅಂದ. ಮಾವ ಮಾಡಿಕೊಟ್ಟ. ನನಗೆ ಅದನ್ನು ನೋಡಲಾಗಲಿಲ್ಲ, ಗಾಡಿ ತೊಳೆಯಲು ಹೋದೆ. ದೊಡ್ಡ ಫೋಟೋ ಬೇವೂರಿನ ಮನೆಯಲ್ಲೇ ಉಳಿಯಿತು. ಮಾರೆವ್ವ ಅದನ್ನು ಮಗನ ಕೈಯಿಂದ ತೆಗೆದುಕೊಂಡು ಒಳಗೆ ಹೋಗಿದ್ದಳು.

ಉಗಾದಿಯ ಮುಂಚಿನ ದಿನ ಪ್ರವೀಣಕುಮಾರ ತನ್ನ ಗಾಡಿಯನ್ನೇ ತೆಗೆದುಕೊಂಡು ಬಂದ. ಅಕ್ಕ ಕ್ಯಾಮೆರಾ ಒರೆಸಿ ಇಟ್ಟಿದ್ದಳು. ಕೊಟ್ಟ ಮಾತು ಅಂದರೆ ಮಾತು. ಮಾವ ಮೂರು ಕಾಲು ಮಡಚುತ್ತಿದ್ದ. ಎರಡು ಮಡಚಿದ, ಮೂರನೆಯ ಕಾಲಿನ ತಿರುಪು ಬಿಗಿಯಾಗಿದೆ ಎಂದು ಬಹಳ ಹೊತ್ತು ತಿರುವಿದ. ತಿರುಪು ಬಿಗಿಯಾಗಿರಲಿಲ್ಲ. ನನಗೆ ಕಾಣುತ್ತಿತ್ತು, ಅಕ್ಕನಿಗೂ ಕಾಣುತ್ತಿತ್ತು. ಪ್ರವೀಣಕುಮಾರ ಹೊರಗೆ ನಿಂತು ಫೋನಿನಲ್ಲಿ ಯಾರಿಗೋ ಯಾವ ಬಣ್ಣದ ಲೈಟು ಹಾಕಬೇಕೆಂದು ಹೇಳುತ್ತಿದ್ದ.

ಆಗ ಬಾಗಿಲಿಗೆ ಮಾರೆವ್ವ ಬಂದಳು. ಒಬ್ಬಳೇ. ಗಂಡ ಸತ್ತು ತಿಂಗಳು ತುಂಬದ ಹೆಂಗಸು ಹಬ್ಬದ ಮುಂಚಿನ ದಿನ ಹೊಸ್ತಿಲು ದಾಟಿ ಬಸ್ಸು ಹತ್ತಿ ಬರುವುದೆಂದರೆ ಬೇವೂರಿನಲ್ಲಿ ವರ್ಷಕ್ಕಾಗುವಷ್ಟು ಮಾತು. ಮಾವ ಎದ್ದು ನಿಂತ. ಫೋಟೋದಲ್ಲಿ ಏನೋ ತಪ್ಪಾಗಿದೆ ಎಂದು ಬೈಯಲು ಬಂದಿರಬೇಕೆಂದು ನಾನು ಬಾಗಿಲಿಗೆ ಅಡ್ಡ ನಿಂತೆ. ಆಕೆ ನನ್ನನ್ನು ಬದಿಗೆ ಸರಿಸಿ ಒಳಗೆ ಹೋಗಿ ಕುರ್ಚಿಯ ಮೇಲೆ ಕೂತಳು.

“ಮುದುಕಪ್ಪ, ಲಗ್ನ ಆದಾಗಿಂದ ಅವ್ರ ಬಾಜೂಕ ಕುಂತೀನಿ. ಫೋಟೋದಾಗೂ ಅವ್ರ ಬಾಜೂಕನ ಬಂದೀನಿ. ನನ್ನ ಒಬ್ಬಾಕೀದ ಒಂದು ತಗಿ.”

ಅಕ್ಕ ಅಡುಗೆ ಮನೆಯಿಂದ ಹೊರಗೆ ಬಂದಳು. ಕೈಗೆ ಬೇವಿನ ಎಲೆ ಮೆತ್ತಿದ್ದವು. ಸುಲಭಕ್ಕೆ ನಂಬುವವಳಲ್ಲ. ಮಾವನ ಮೇಲೆ ಕನಿಕರಪಟ್ಟು ನಾನೇ ಕರೆಸಿದ್ದೇನೆಂದು ಆಕೆಗೆ ಗುಮಾನಿ. ನನ್ನ ಕಡೆಗೊಮ್ಮೆ ನೋಡಿ ಮಾರೆವ್ವನನ್ನು ಕೇಳಿದಳು.

“ಯಾರ್ರೀ ಕಳಿಸ್ಯಾರ ನಿಮ್ಮನ್ನ?”

“ನನ್ನ ಯಾರು ಕಳಿಸ್ತಾರವ್ವಾ? ಬಂದಿದ್ದು ಗೊತ್ತಾದ್ರ ನಮ್ಮ ಪರಮೇಶ ಕಾಲು ಕಟ್ಟಿ ಹಾಕ್ತಾನ.”

“ಇದರ ಮುಂದ ಕುಂತಾವ್ರು ಸಾಯ್ತಾರ ಅಂತ ಮಂದಿ ಅಂತಾರ. ನಿಮಗ ಅಂಜಿಕಿ ಇಲ್ಲೇನ್ರಿ?”

“ಹೊಲ ಪಾಲ ಆಗೂ ತನಕ ನನಗ ಸಾಯಾಕ ಪುರಸೊತ್ತಿಲ್ಲ,” ಅಂದಳು ಮಾರೆವ್ವ. “ನನ್ನ ಪಾಲು ನಾ ಕೇಳಾಕಿ. ಆ ಅರ್ಜಿಗೂ ಒಂದು ಫೋಟೋ ಬೇಕು.”

ಅಕ್ಕ ಕೈ ಒರೆಸಿಕೊಂಡಳು. ಹೊರಗೆ ಹೋಗಿ ಪ್ರವೀಣಕುಮಾರನಿಗೆ, ಕ್ಯಾಮೆರಾ ಕೊಡುವುದಿಲ್ಲ, ಚಹಾ ಬೇಕಾದರೆ ಕುಡಿದು ಹೋಗಬಹುದು ಎಂದು ಹೇಳಿ ಬಂದಳು. ಅವನು ದುಪ್ಪಟ್ಟಿನ ಮೇಲೆ ಇನ್ನಷ್ಟು ಏರಿಸಿದ. ಲೈಟಿನವರಿಗೆ ಅಡ್ವಾನ್ಸ್ ಕೊಟ್ಟಿದ್ದೇನೆಂದ. ನಾನು ಹೊರಗೆ ಹೋಗಿ ಅವನ ಪಕ್ಕ ಸುಮ್ಮನೆ ನಿಂತೆ. ಆಮೇಲೆ ಅವನು ಏರಿಸಲಿಲ್ಲ.

ಮಾವ ಕಾಲುಗಳನ್ನು ಮತ್ತೆ ಬಿಡಿಸಿ ಕ್ಯಾಮೆರಾ ನಿಲ್ಲಿಸಿದ. ಕುರ್ಚಿಯನ್ನು ಬಾಗಿಲ ಬೆಳಕಿಗೆ ಎಳೆದ. ಕರಿ ಬಟ್ಟೆಯೊಳಗೆ ಹೋದವನು ಹೊರಗೆ ಬರಲೇ ಇಲ್ಲ. ಒಳಗೇ ಮೂಗು ಏರಿಸಿದ್ದು ಕೇಳಿಸಿತು. ಕೊನೆಗೆ ಹೊರಬಂದು ಫಿಲ್ಮು ಹಾಕಿ, ಮಾರೆವ್ವನಿಗೆ ಬಿಡಿಸಿ ಹೇಳಿದ: ಮೂರು ಎಣಿಸುತ್ತೇನೆ, ಅಲ್ಲಿಯ ತನಕ ರೆಪ್ಪೆಯೂ ಅಲುಗಬಾರದು, ಆವತ್ತು ಕೂತಿದ್ದಿರಲ್ಲ ಹಾಗೇ ಕೂಡಬೇಕು.

ಒಂದು ಎಂದ. ಮಾರೆವ್ವ ಅಲುಗಲಿಲ್ಲ. ಎರಡು ಎಂದ. ಆ ಹೊತ್ತಿಗೆ ಮಾವನ ತಲೆಯ ಮೇಲೆ ಕರಿ ಬಟ್ಟೆಯ ಒಂದು ತುದಿ ಸಿಕ್ಕಿಕೊಂಡು ಹೊಸ ಮದುವಣಗಿತ್ತಿಯ ಸೆರಗಿನಂತೆ ಇಳಿಬಿದ್ದಿತ್ತು. ಅಕ್ಕನ ಬಾಯಿಂದ ಕಿಸಕ್ಕೆಂದು ನಗೆ ಬಂತು. ಅದನ್ನು ನೋಡಿ ಮಾರೆವ್ವನಿಗೂ ತಡೆಯಲಾಗಲಿಲ್ಲ. ಭುಜ ಕುಣಿಸಿ, ಸೆರಗು ಬಾಯಿಗೊತ್ತಿ, ಪೂರಾ ನಕ್ಕಳು. ಮಾವ ಮೂರು ಎನ್ನುವುದನ್ನೂ ಮರೆತು ಮುಚ್ಚಳ ಹಿಡಿದುಕೊಂಡು ನಿಂತ.

ಫೋಟೋ ತೊಳೆದು ಒಣಗಿಸಿ ತೆಗೆಯುವ ತನಕ ಮಾರೆವ್ವ ಅಕ್ಕನ ಜೊತೆ ಅಡುಗೆ ಮನೆಯಲ್ಲಿ ಕೂತು ಹೋಳಿಗೆಯ ಹೂರಣ ರುಬ್ಬಿದಳು. ಒಳಗೆ ಏನು ಮಾತಾಡಿದರೋ, ನನ್ನ ಕಿವಿಗೆ ಬಿದ್ದದ್ದು ಪರಮೇಶನ ಹೆಸರು ಮತ್ತು ನಗೆ.

ಫೋಟೋ ಕೆಟ್ಟಿತ್ತು. ಮುಖ ಹೊಗೆಯಾಗಿತ್ತು, ಭುಜ ಎರಡೆರಡು, ಕೈ ಎಲ್ಲಿದೆಯೋ ತಿಳಿಯದು. ನಡುವೆ ಹಲ್ಲು ಮಾತ್ರ ಬೆಳ್ಳಗೆ. ಮಾವ ತಲೆ ತಗ್ಗಿಸಿ ಅದನ್ನು ಆಕೆಯ ಮುಂದೆ ಹಿಡಿದ. ಇನ್ನೊಂದು ತೆಗೆಯುತ್ತೇನೆ, ಫಿಲ್ಮು ಬೇಕಾದಷ್ಟಿದೆ, ಇದನ್ನು ಹರಿದು ಹಾಕುತ್ತೇನೆ ಎಂದ. ಮಾರೆವ್ವ ಅದನ್ನು ಕಿತ್ತುಕೊಂಡು ಬೆಳಕಿಗೆ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ಹಿಡಿದು ನೋಡಿದಳು.

“ಇದನ್ನ ಹರೀತಿಯಾ? ನಾ ನಗೂದನ್ನ ಆ ಮನ್ಯಾಗ ಯಾರೂ ನೋಡಿಲ್ಲ. ಗ್ವಾಡಿಗೆ ಹಾಕ್ತೀನಿ, ದಿನಾ ನೋಡಲಿ.”

ಬಸ್ಸಿನ ತನಕ ನಾನೇ ಬಿಟ್ಟು ಬಂದೆ. ಮಾವ ಹಿಂದೆಯೇ ಬಂದು ಕಿಟಕಿಯ ಹತ್ತಿರ ನಿಂತ. ಹಬ್ಬ ಆದ ಮೇಲೆ ಬರಬೇಕು, ಅಲುಗದ ಹಾಗೆ ಇನ್ನೊಂದು ತೆಗೆಯಲೇಬೇಕು, ದುಡ್ಡು ಬೇಡ ಎಂದ. ಮಾರೆವ್ವ ಫೋಟೋವನ್ನು ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಬರುತ್ತೇನೆ, ಆದರೆ ಸುಮ್ಮನೆ ಕೂಡುತ್ತೇನೆಂದು ಮಾತ್ರ ಮಾತು ಕೊಡುವುದಿಲ್ಲ ಅಂದಳು. ಬಸ್ಸು ಹೊರಟಿತು.